ಕೆಪಾಸಿಟರಿಗೆ ಕೊಟ್ಟ ರಜೆ

ನಾನು ಬೇಲೂರಿನ ಮೇಷ್ಟ್ರ ಮನೆಯವನು. ಆಯುಧಪೂಜೆಗೆ ಪುಸ್ತಕ ಇಟ್ಟರೆ ವಿಜಯದಶಮಿಯವರೆಗೆ ಮುಟ್ಟಬಾರದೆಂಬ ನಿಯಮವನ್ನು ಬಾಲ್ಯದಲ್ಲಿ ನನ್ನಷ್ಟು ಭಕ್ತಿಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ. ವರ್ಷವಿಡೀ ಪಾಲಿಸಲೂ ಸಿದ್ಧನಿದ್ದೆ. ಆ ಭಕ್ತಿಯನ್ನು ನಾನು ಎಂಜಿನಿಯರಾಗಿರುವ ಕಣಕಟ್ಟೆ ಕಡೆಯ ಗಾಳಿಯಂತ್ರಗಳ ಸಬ್‌ಸ್ಟೇಷನ್ನಿಗೂ ಹೊತ್ತು ತಂದದ್ದು ತಪ್ಪಾಯಿತು.

ನಮ್ಮವು ಹಳೇ ಯಂತ್ರಗಳು. ಗಾಳಿ ಬಂದಾಗ ಕರೆಂಟು ಕೊಡುತ್ತವೆ ನಿಜ. ಆದರೆ ತಮ್ಮೊಳಗೆ ಕಾಂತಶಕ್ತಿ ಹುಟ್ಟಿಸಿಕೊಳ್ಳಲು ರಿಯಾಕ್ಟಿವ್ ಪವರ್ ಎಂಬುದನ್ನು ಲೈನಿನಿಂದಲೇ ಹೀರುತ್ತವೆ, ಆಗ ಸುತ್ತಲಿನ ವೋಲ್ಟೇಜು ಇಳಿಯುತ್ತದೆ. ಆ ಪವರನ್ನು ಅಲ್ಲೇ ಒದಗಿಸಿ ವೋಲ್ಟೇಜು ಇಳಿಯದಂತೆ ಹಿಡಿದಿಡಲು ಕೆಪಾಸಿಟರುಗಳಿವೆ. ಇದನ್ನು ಸಿಕ್ಕಿದವರನ್ನೆಲ್ಲ ಹಿಡಿದು ನಿಲ್ಲಿಸಿ ವಿವರಿಸುವುದು ನನ್ನ ಚಟ. ಪಕ್ಕದ ತೆಂಗಿನ ತೋಟದ ಯಜಮಾನರಿಗಂತೂ, "ನಾನಿರೋವರ್ಗೂ ನಿಮ್ಮ ಮೋಟ್ರಿಗೆ ವೋಲ್ಟೇಜು ಕಮ್ಮಿ ಆಗಲ್ಲ" ಎಂದು ಎದೆ ತಟ್ಟಿ ಹೇಳಿದ್ದೆ. ಅದನ್ನು ನಂಬಿ ಅವರು ಹೊಸ ಸಸಿ ನೆಟ್ಟಿದ್ದರು.

ಆ ಆಯುಧಪೂಜೆಯ ಬೆಳಿಗ್ಗೆ ಹಾರ ಕಟ್ಟಲೆಂದು ಕೆಪಾಸಿಟರುಗಳನ್ನು ಆಫ್ ಮಾಡಿಸಿದೆ. ಬೂದುಗುಂಬಳ ಒಡೆದಾಯಿತು, ಕಡ್ಲೆಪುರಿ ಹಂಚಿದ್ದಾಯಿತು. "ಇನ್ನು ಆನ್ ಮಾಡ್ಲಾ ಸಾರ್?" ಎಂದರು ಆಪರೇಟರು.

"ಪೂಜೆ ಆದ್ಮೇಲೆ ನಾಳೆವರ್ಗೂ ಮುಟ್ಬಾರ್ದು ಕಣ್ರೀ. ಹೆಂಗೂ ಗಾಳಿ ಇಲ್ಲ" ಎಂದೆ, ದೊಡ್ಡ ಶಾಸ್ತ್ರಿಗಳ ಹಾಗೆ.

ಮಧ್ಯಾಹ್ನ ಗಾಳಿ ಎದ್ದಿತು. ಯಂತ್ರಗಳು ತಿರುಗತೊಡಗಿದವು. ನಾನು ಪುರಿ ಮೆಲ್ಲುತ್ತಾ ಕೂತಿದ್ದೆ. ಅಷ್ಟರಲ್ಲಿ ಯಜಮಾನರು ಬೆವರು ಸುರಿಸುತ್ತಾ ಬಂದರು.

"ಮೋಟ್ರು ಗುಂಯ್ ಅಂತೈತೆ, ನೀರು ಎತ್ತಾಕಿಲ್ಲ ಸ್ವಾಮಿ. ಬಿಸ್ಲಿಗೆ ಸಸಿ ಬಾಡೋಗ್ತಾವೆ."

ಮೋಟರು ಹಳೇದು, ಕೇಬಲ್ಲು ಸರಿಯಿಲ್ಲ ಎಂದೆಲ್ಲ ಅವರನ್ನೇ ದಬಾಯಿಸಿದೆ. ಸಾಲದ್ದಕ್ಕೆ, ನಮ್ಮ ವೋಲ್ಟೇಜು ಎಷ್ಟು ಚೆನ್ನಾಗಿದೆ ನೋಡಿ ಎಂದು ಒಳಗೆ ಕರೆದುಕೊಂಡು ಹೋಗಿ ಮೀಟರಿಗೆ ಬೆರಳು ತೋರಿಸಿದೆ. ಮುಳ್ಳು ಕೆಳಗಿಳಿದು ಕೂತಿತ್ತು. ಅದರ ಪಕ್ಕದಲ್ಲೇ ಕೆಪಾಸಿಟರಿನ ಪೆಟ್ಟಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ತಣ್ಣಗೆ ನಿಂತಿತ್ತು. ತೋರಿಸಿದ ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ.

ಹಾರ ತೆಗೆಸಿ ಆನ್ ಮಾಡಿಸಿದೆ. ಮುಳ್ಳು ಮೇಲೆದ್ದಿತು. ಬೇರೆ ದಾರಿಯಿಲ್ಲದೆ, "ತಪ್ಪು ನಂದೇ ಯಜಮಾನ್ರೇ. ಪೂಜೆ ಅಂತ ಇದಕ್ಕೆ ರಜ ಕೊಟ್ಟಿದ್ದೆ" ಎಂದೆ.

ಅವರು ನೆಲದ ಮೇಲಿದ್ದ ಹಾರವನ್ನು ನೋಡಿದರು. "ಮೋಟ್ರಿಗೆ ನಾನೂ ಪೂಜೆ ಮಾಡಿವ್ನಿ ಸ್ವಾಮಿ. ಕುಂಕುಮ ಇಟ್ಟೆ, ಕೈ ಮುಗ್ದೆ, ಸ್ವಿಚ್ ಒತ್ದೆ. ನಾಳೆಗಂಟ ಬಾಯಾರ್ಕೆ ತಡ್ಕೊ ಅಂತ ಸಸಿಗೆ ಹೇಳಾಕಾಯ್ತದಾ?"

ಅವರ ಹಿಂದೆಯೇ ತೋಟಕ್ಕೆ ನಡೆದೆ. ಕೊನೆಯ ಸಸಿಯ ಬುಡಕ್ಕೆ ನೀರು ಮುಟ್ಟುವವರೆಗೂ ಅಲ್ಲೇ ನಿಂತಿದ್ದೆ. ರಿಯಾಕ್ಟಿವ್ ಪವರ್ ಬಗ್ಗೆ ಒಂದು ಮಾತೂ ಆಡಲಿಲ್ಲ.