ತೂಕ ತಪ್ಪಿದರೆ ತಿರುಗದ ಯಂತ್ರ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಮದ್ದೂರಿನ ಸೋದರಮಾವನ ಶೆಡ್ಡಿನಲ್ಲಿ, ರಕ್ತದ ಟ್ಯೂಬುಗಳನ್ನು ಗಿರಗಿರನೆ ತಿರುಗಿಸುವ ಯಂತ್ರ ನಡುಗತೊಡಗಿತು. ಲ್ಯಾಬುಗಳಲ್ಲಿ ಕೈ ತಾಕದೆ ಕೆಲಸ ನಡೆಯಲೆಂದು ಮಾವ ಮಾಡಿ, ಪೇಟೆಂಟ್ ಪಡೆದಿದ್ದ ಯಂತ್ರವದು. ಟ್ಯೂಬು ಒಂದು ಕಡಿಮೆ ಬಿದ್ದರೆ ಅದರ ಜಾಗದಲ್ಲಿ ನೀರು ತುಂಬಿದ ಟ್ಯೂಬಿಟ್ಟು ತೂಕ ಸರಿದೂಗಿಸಬೇಕು. ಬಿ.ಎಸ್ಸಿ. ಓದಿದ ನಾನು ಅದನ್ನೇ ಮರೆತಿದ್ದೆ. ಮುಚ್ಚಳ ಸಿಡಿದು ಮಾವನ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿಯಿತು. ಗಾಜಿನ ಚೂರೊಂದು ಅವರ ಹುಬ್ಬು ಸೀಳಿತು.

ಅತ್ತೆ ಸೆರಗಿನಿಂದ ಗಾಯ ಒತ್ತಿ ಹಿಡಿದು, "ಎಲ್ಡು ಪೇಟೆಂಟು ಸಾಕು ಬುಡಿ, ಎಲ್ಡು ಕಣ್ಣಾರ ಉಳೀಲಿ" ಎಂದರು.

ಮಾವ ನನ್ನ ಕಡೆ ತಿರುಗಿದರು. "ಅಳ್ಬೇಡ ಕಣವ್ವ. ಮನ್ಸ ಅಂದ್ಮೇಲೆ ಮರೀತಾನೆ. ಮರೆತ್ರೆ ತಿರುಗ್ದೆ ಇರಂಗೆ ಮಾಡ್ಬೇಕಿತ್ತು ನಾನು."

ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಆ ಮುಚ್ಚಳ ಮತ್ತೆ ಹಾರುತ್ತಿತ್ತು. ಪ್ರತಿ ಸಲ ಮಾವನ ತಲೆಗೆ ಒಂದಂಗುಲ ಹತ್ತಿರ. ಆದರೂ ದಿನಾ ಮಳವಳ್ಳಿಯಿಂದ ಬಸ್ಸು ಹತ್ತಿ ಶೆಡ್ಡಿಗೆ ಹೋದೆ. ಮಾವನ ಮೊದಲ ಪೇಟೆಂಟು ಬಿಲಿಯರ್ಡ್ಸ್ ಮೇಜಿನದು. ಮೇಜು ಕೂದಲೆಳೆಯಷ್ಟು ವಾಲಿದರೂ ಅದರ ಕಾಲುಗಳು ಕಂಡುಹಿಡಿಯುತ್ತಿದ್ದವು. ತೂಕ ಒಂದು ಕಡೆ ವಾಲಿದರೆ ಶುರುವೇ ಆಗದಂತೆ ಅಂಥವೇ ಕಾಲುಗಳನ್ನು ಈ ಯಂತ್ರದ ಅಡಿಗೆ ಕೂರಿಸಲೇಬೇಕೆಂದು ಇಬ್ಬರೂ ಹಟ ಹಿಡಿದೆವು.

ನಾಲ್ಕನೇ ತಿಂಗಳು ಒಂದು ಮಧ್ಯಾಹ್ನ ಬೇಕೆಂದೇ ನೀರಿನ ಟ್ಯೂಬು ಇಡದೆ ನಾನೇ ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು, ಯಂತ್ರ ಅಲುಗಲಿಲ್ಲ.

"ಇನ್ನೊಂದ್ಸಲ ಒತ್ತವ್ವ" ಎಂದರು ಮಾವ.

ಹತ್ತು ಸಲ ಒತ್ತಿದೆ. ಆ ರಾತ್ರಿ ಬೆಳಗಾಗುವವರೆಗೂ ಎಚ್ಚರವಾಗಲಿಲ್ಲ.