ಎಣ್ಣೆ ಡಬ್ಬಿಯಿಂದ ಎದ್ದ ಬಾಂಬು ವಿಮಾನ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಲಮೇಲದ ಓಣಿಯೊಂದರ ಮಣ್ಣಿನ ಮನೆಯ ಕಟ್ಟೆಯ ಮೇಲೆ ಸಾಬೀರಾ ಕುಕ್ಕರಗಾಲಲ್ಲಿ ಕೂತು ಇದ್ದಿಲು ಊದುತ್ತಿದ್ದಾರೆ. ಕಾದ ಬೆಸುಗೆ ಕಬ್ಬಿಣವನ್ನು ಅದರ ತುದಿ ಚೊಕ್ಕ ಮಾಡುವ ನವಸಾಗರದ ಗಡ್ಡೆಗೆ ಉಜ್ಜಿದ ಕೂಡಲೇ ಬಿಳಿ ಹೊಗೆ ಏಳುತ್ತದೆ. ಅವರು ಮುಖ ತಿರುಗಿಸುವುದಿಲ್ಲ, ಕಣ್ಣು ಮಾತ್ರ ಕಿರಿದು ಮಾಡುತ್ತಾರೆ. ಎಡಗೈಯಲ್ಲಿ ಚಿಮಣಿ ದೀಪದ ತಳ, ಬಲಗೈಯಲ್ಲಿ ಕಬ್ಬಿಣ. ಕರಗಿದ ತವರದ ಹನಿಯೊಂದು ಸಂದಿಯ ಸುತ್ತ ಓಡಿ ನಿಲ್ಲುತ್ತದೆ. ಮುಗಿಯಿತು, ಮುಂದಿನದು. ಓಣಿ ಏಳುವುದರೊಳಗೆ ಒಂದು ಡಜನ್ ಚಿಮಣಿ ಸಾಲಾಗಿ ನಿಂತಿರುತ್ತವೆ.

ಅವರ ಬೆನ್ನ ಹಿಂದೆ, ಬಾಗಿಲಿಗೆ ಅಡ್ಡವಾಗಿ, ಮೂರು ಮೊಳಕ್ಕೂ ಮಿಕ್ಕಿ ರೆಕ್ಕೆ ಚಾಚಿಕೊಂಡು ಒಂದು ಬಾಂಬು ವಿಮಾನ ನಿಂತಿದೆ. ನಾಲ್ಕು ಎಂಜಿನ್ನು, ಎರಡು ಬಾಲ, ಮೂಗಿನ ಕೆಳಗೊಂದು ಗಾಲಿ. ಹತ್ತಿರ ಹೋಗಿ ನೋಡಿದರೆ ರೆಕ್ಕೆಯ ಅಡಿಯಲ್ಲಿ ಎಣ್ಣೆ ಕಂಪನಿಯ ಅಕ್ಷರಗಳು ಅರ್ಧಂಬರ್ಧ ಕಾಣುತ್ತವೆ. ಮನೆಯವರು ಒಳಹೊರಗೆ ಮಾಡಬೇಕಾದರೆ ಮಗ್ಗುಲಾಗಿ ನಡೆಯುತ್ತಾರೆ. ಯಾರೂ ಗೊಣಗುವುದಿಲ್ಲ.

ಈ ಜಿಲ್ಲೆಯಲ್ಲಿ ರಿಬ್ಬನ್ನು ಕತ್ತರಿಸಿದವರ ಫೋಟೊ ಪೇಪರಿನಲ್ಲಿ ಬರುತ್ತದೆ, ತಗಡು ಕತ್ತರಿಸಿದವರದ್ದು ಬರುವುದಿಲ್ಲ. ಸಿಂದಗಿ, ಇಂಡಿ, ಮನಗೂಳಿಯ ಸಂತೆಗಳಲ್ಲಿ ಜನ ಹೆಸರು ಹಿಡಿದು ಕೇಳಿ ಒಯ್ಯುವುದು ‘ಇಬ್ರಾಹಿಂಸಾಬನ ಚಿಮಣಿ’. ಇಬ್ರಾಹಿಂಸಾಬ ಸಾಬೀರಾ ಅವರ ಗಂಡ. ಆತ ಚಿಮಣಿ ಮಾರುತ್ತಾನೆ, ಮಾಡುವುದಿಲ್ಲ. ಇದನ್ನು ಆತನೇ ನಗುತ್ತ ಹೇಳುತ್ತಾನೆ. ಕೇಳಿದವರು ತಮಾಷೆ ಎಂದುಕೊಂಡು ಹೋಗುತ್ತಾರೆ. ಆ ದೀಪದ ಬೆಳಕಿನಲ್ಲಿ ಓದಿ ಕುರ್ಚಿ ಹಿಡಿದವರು ಎಷ್ಟೋ ಮಂದಿ. ದೀಪ ಯಾರ ಕೈಯದು ಎಂದು ಅವರಲ್ಲಿ ಒಬ್ಬನಾದರೂ ಕೇಳಬೇಕಲ್ಲ? ಕೇಳಲಿಲ್ಲ.

ಸಾಬೀರಾ ಹುಟ್ಟಿದ್ದು ಕೊಲ್ಹಾರದಲ್ಲಿ. ತಂದೆ ಜೈನುದ್ದೀನ ತಗಡಿನ ಕೆಲಸದವರು. ಗಂಡುಮಕ್ಕಳಿಲ್ಲದ ಮನೆ, ಕತ್ತರಿ ಮಗಳ ಕೈಗೆ ಬಂತು. ಮದುವೆಯಾಗಿ ಬಂದ ಮನೆಯಲ್ಲೂ ಅದೇ ಕಸುಬು, ಆದರೆ ಗಂಡ ಹಾಕಿದ ಬೆಸುಗೆ ಸೋರುತ್ತಿತ್ತು. “ಅವರು ಮಾಡಿದ ಚಿಮಣಿ ಹಚ್ಚಿದ್ರ ಬತ್ತಿಕಿಂತ ಮೊದಲ ಚಾಪಿ ಉರೀತಿತ್ತರಿ. ನೀವು ಮಾತು ಮಾರ್ರಿ, ತಗಡ ನನಗ ಬಿಡ್ರಿ ಅಂದೆ,” ಎನ್ನುತ್ತಾರೆ. ಬೆರಳ ತುದಿಗಳು ಸುಟ್ಟು ಸುಟ್ಟು ಈಗ ಬಿಸಿಯೇ ತಿಳಿಯುವುದಿಲ್ಲ. ಚಳಿಗಾಲವಿಡೀ ಹೊಗೆಯ ಕೆಮ್ಮು. ಹೊಸ ತಗಡಿನ ಮಾತೇ ಇಲ್ಲ. ಗುರಲಿಂಗಪ್ಪ ಸಾವುಕಾರರ ಎಣ್ಣೆ ಅಂಗಡಿಯಿಂದ ಬರಿದಾದ ಡಬ್ಬಿ ತಂದು, ಬಿಚ್ಚಿ, ಬಡಿದು ಸಪಾಟು ಮಾಡಿಕೊಳ್ಳಬೇಕು.

ಚಿಮಣಿ ಮಾಡುವ ಕೈ ವಿಮಾನಕ್ಕೆ ಹೋದದ್ದು ಸೋಮನಿಂಗಜ್ಜನಿಂದ. ಕುರಿ ಕಾಯುವ ಮನೆತನದ ಈ ಅಜ್ಜ ಇದ್ದಿಲ ಕಾವಿಗೆಂದು ದಿನಾ ಇದೇ ಕಟ್ಟೆಯ ತುದಿಗೆ ಬಂದು ಕೂಡುತ್ತಿದ್ದ. ಮಹಾಯುದ್ಧದ ಕಾಲಕ್ಕೆ ಕೂಲಿ ಭರ್ತಿಯಲ್ಲಿ ಬಂಗಾಲಕ್ಕೆ ಹೋಗಿ, ಲಿಬರೇಟರ್ ಎಂಬ ವಿಮಾನಗಳಿಗೆ ಬಾಂಬು ಹೊತ್ತು ಹಾಕಿದವನು. ತಿರುಗಿ ಬಂದು ಚಾದಂಗಡಿಯಲ್ಲಿ ಕಂಡದ್ದನ್ನು ಹೇಳಿದ. ನಾಲ್ಕು ಎಂಜಿನ್ನು ಎಂದಾಗ ಊರು ನಂಬಿತು. ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವೆಂದರೆ ಬಾಗಿ ನುಸುಳಬೇಕು ಎಂದಾಗಲೂ ಹೂಂಗುಟ್ಟಿತು. ಬಾಂಬು ಏರಿಸುವಾಗ ಆ ಹೊಟ್ಟೆಯ ಬಾಗಿಲು ಕೆಳಗೆ ತೆರೆಯುವುದಿಲ್ಲ, ಚಾಪೆ ಸುತ್ತಿದ ಹಾಗೆ ಎರಡೂ ಮಗ್ಗುಲಿಗೆ ಮೇಲೇರುತ್ತದೆ ಎಂದಾಗ ಚಾದಂಗಡಿ ಬಿದ್ದು ಬಿದ್ದು ನಕ್ಕಿತು.

ಗುರಲಿಂಗಪ್ಪ ಸಾವುಕಾರರು ಹಳೆಯ ಪೇಪರಿನ ಚಿತ್ರವೊಂದನ್ನು ತಂದು ಎಲ್ಲರಿಗೂ ತೋರಿಸಿದರು. ಯಾವುದೋ ಬೇರೆ ಜಾತಿಯ ವಿಮಾನ, ಹೊಟ್ಟೆಯ ಬಾಗಿಲೆರಡೂ ಕೆಳಗೆ ಜೋತುಬಿದ್ದಿದ್ದವು. “ಸೋಮ್ಯಾ ಅಲ್ಲಿ ಇಮಾನ ಕಂಡಿಲ್ಲ, ಅಲ್ಲೂ ಕುರೀನ ಕಾಯ್ದು ಬಂದಾನ,” ಎಂದು ತೀರ್ಪು ಕೊಟ್ಟರು. ಅಂದಿನಿಂದ ಅವನು ‘ಸುಳ್ಳ ಸೋಮ್ಯಾ’. ಬಾಂಬು ಹೊತ್ತು ಭುಜ ಕೆಡಿಸಿಕೊಂಡವನಿಗೆ ಊರು ಕೊಟ್ಟ ಪದಕ ಇದು. ಅಜ್ಜ ಚಾದಂಗಡಿಯ ದಾರಿಯನ್ನೇ ಬಿಟ್ಟ. ಹದಿನೆಂಟು ವರ್ಷ. ನಡುವೆ ಕಣ್ಣಿಗೆ ಪರೆಯೂ ಬಂತು.

ಹೋದ ಮಳೆಗಾಲ ಇಬ್ರಾಹಿಂಸಾಬ ಸುಮ್ಮನೆ ಚೇಷ್ಟೆಗೆಂದು ಆ ಬಾಗಿಲಿನ ಮಾತು ಎತ್ತಿದ. ಅಜ್ಜ ಕೋಲು ತಡಕಿಕೊಂಡು ಎದ್ದು ಹೋದವನು ಮತ್ತೆ ಬರಲಿಲ್ಲ. ಒಂದು ವಾರ ಕಾದು ಸಾಬೀರಾ ತಾವೇ ಅವನ ಮನೆಗೆ ಹೋದರು. “ಕಾಕಾ, ಇಮಾನದ ಅಳತಿ ಹೇಳು. ಬಾಯಿಲೆ ಹೇಳಿದ್ದು ಯಾರೂ ನಂಬಲಿಲ್ಲ. ತಗಡಿನ್ಯಾಗ ಹೇಳೂಣು.”

ಅಳತೆ ಅಜ್ಜನ ಬಳಿ ಇತ್ತು. ಬಿಸಿಲಿಗೆ ರೆಕ್ಕೆಯ ನೆರಳಲ್ಲಿ ಮಲಗುತ್ತಿದ್ದವನು ಕುರಿಹಟ್ಟಿ ಅಳೆದ ರೂಢಿಯಲ್ಲಿ ಹಗ್ಗ ಹಿಡಿದು ಅದನ್ನೂ ಅಳೆದಿದ್ದ. ರೆಕ್ಕೆ ತುದಿಯಿಂದ ತುದಿಗೆ ಎಪ್ಪತ್ಮೂರು ಮೊಳ, ಮೂಗಿನಿಂದ ಬಾಲಕ್ಕೆ ನಲವತ್ತೈದು, ಹೊಟ್ಟೆಗೂ ನೆಲಕ್ಕೂ ನಡುವೆ ಒಂದೂವರೆ. ಸಾಬೀರಾ ಮೊಳಕ್ಕೊಂದು ಬೆರಳು ಎಂದು ಲೆಕ್ಕ ಇಳಿಸಿದರು. ಇಪ್ಪತ್ನಾಲ್ಕು ಬೆರಳಿಗೆ ಒಂದು ಮೊಳ, ಹಾಗಾಗಿ ವಿಮಾನದ ಪ್ರತಿ ಅಂಗವೂ ಇಪ್ಪತ್ನಾಲ್ಕರಲ್ಲಿ ಒಂದು ಪಾಲು. ದಿನದ ಚಿಮಣಿ ಮುಗಿಸಿ, ಮಧ್ಯಾಹ್ನದ ಹೊತ್ತು ಇದಕ್ಕೆ. ಡಬ್ಬಿಯ ಮುಚ್ಚಳಗಳು ಎಂಜಿನ್ನಾದವು. ಒಡೆದ ಕಂದೀಲಿನ ಗಾಜು ಮೂಗಿಗೆ ಕೂತಿತು.

ಬಾಗಿಲಿಗೆ ಬಂದಾಗ ಸಾಬೀರಾ ಕೂಡ ಎಡವಿದರು. “ಖರೇ ಹೇಳ್ತೇನಿ, ನನಗೂ ನಂಬಿಗಿ ಇರಲಿಲ್ಲರಿ. ಬಾಗಲಾ ಅಂದ್ರ ಬಿಜಾಗರಿ ಹಚ್ಚೂದು, ತೆರಿಯೂದು. ನನಗ ಗೊತ್ತಿದ್ದದ್ದು ಅಷ್ಟ.” ಅಜ್ಜನಿಗೆ ಹೇಳದೆ, ಪೆಟ್ಟಿಗೆಯ ಮುಚ್ಚಳದಂತೆ ಕೆಳಗೆ ತೆರೆಯುವ ಎರಡು ಬಾಗಿಲು ಕೂಡಿಸಿದರು. ಆಮೇಲೆ ಗಾಲಿ ಹಚ್ಚಿದರು, ಅಜ್ಜ ಹೇಳಿದ ಒಂದೂವರೆ ಬೆರಳಿಗೆ ಸರಿಯಾಗಿ. ವಿಮಾನವನ್ನು ನೆಲದ ಮೇಲೆ ನಿಲ್ಲಿಸಿ ಬಾಗಿಲು ತೆರೆದರೆ ಅದರ ಅಂಚು ನೆಲಕ್ಕೆ ಬಡಿದು ಅರ್ಧಕ್ಕೇ ನಿಂತಿತು. ಗಾಲಿಯ ಕಾಲು ಒಂದಿಷ್ಟು ಉದ್ದ ಮಾಡಿದರಾಯಿತು, ಬಂಗಾಲಕ್ಕೆ ಹೋಗಿ ಅಳೆಯುವವರು ಯಾರು ಎಂದ ಇಬ್ರಾಹಿಂಸಾಬ. ಸಾಬೀರಾ ಒಪ್ಪಲಿಲ್ಲ. “ಕಾಲು ಕಾಕಾ ಹೇಳಿದ ಅಳತಿ. ಅದು ಖರೇ ಇದ್ರ ಕೆಳಗ ತೆರಿಯೂ ಬಾಗಲಾ ಹೊಂದೂದ ಇಲ್ಲ. ಅಂದ್ರ ಬಾಗಲದ ಮಾತೂ ಖರೇನ.” ಅಂದೇ ಆ ಬಾಗಿಲುಗಳನ್ನು ಕಿತ್ತು ಹಾಕಿದರು.

ಮೇಲೆ ಸುತ್ತುವ ಬಾಗಿಲು ಮಾತಿನಷ್ಟು ಸುಲಭವಲ್ಲ. ತಗಡು ಮಡಿಚಿದರೆ ಮುರಿಯಿತು. ಪಟ್ಟಿ ಕತ್ತರಿಸಿ ತಂತಿಯಿಂದ ಪೋಣಿಸಿದರೆ ಸಿಕ್ಕಿಕೊಂಡಿತು. ಬಟ್ಟೆಯ ಮೇಲೆ ಬೆಸೆಯಲು ಹೋದರೆ ಬಟ್ಟೆ ಸುಟ್ಟಿತು. ಹದಿನೈದು ದಿನ ಹೀಗೇ ಹೋಯಿತು. ಒಂದು ದಿನ ಯಾರೋ ರಿಪೇರಿಗೆ ತಂದ ಕಂದೀಲಿಗೆ ಹೊಸ ಬತ್ತಿ ಏರಿಸುತ್ತಿದ್ದಾಗ ಕೈ ಹಾಗೇ ನಿಂತಿತು. ಅಗಲ ಬತ್ತಿ, ಅದನ್ನು ಮೇಲೆ ತಳ್ಳುವ ಹಲ್ಲಿನ ಚಕ್ರ, ಹೊರಗೆ ತಿರುಗಿಸುವ ಕಿವಿ. ಬೇಕಾದದ್ದೆಲ್ಲ ಅಂಗೈಯಲ್ಲೇ ಇತ್ತು. ಕಡ್ಡಿಯಷ್ಟು ಸಣ್ಣ ತಗಡಿನ ಪಟ್ಟಿಗಳನ್ನು ಬತ್ತಿಗೆ ಸಾಲಾಗಿ ಮಡಿಚಿ ಹಿಸುಕಿದರು. ಬೆಸುಗೆಯೇ ಬೇಕಾಗಲಿಲ್ಲ. ಕಿವಿ ತಿರುಗಿಸಿದರೆ ಬಾಗಿಲು ಹೊಟ್ಟೆಯ ಮಗ್ಗುಲು ಹಿಡಿದು ಸರಸರನೆ ಮೇಲೇರಿತು.

ಸಂತೆಯ ದಿನ ಗಂಡಹೆಂಡತಿ ವಿಮಾನವನ್ನು ಹಗ್ಗದ ಹೊರಸಿನ ಮೇಲೆ ಹೊತ್ತು ನೇರ ಚಾದಂಗಡಿಯ ಮುಂದೆ ಇಳಿಸಿದರು. ಅಲ್ಲಿಗೆ ಬೇಡ ಎಂದು ಅಜ್ಜ ಹಟ ಹಿಡಿದಿದ್ದ. ಅಲ್ಲೇ ಆಗಬೇಕು ಎಂದು ಸಾಬೀರಾ ಮೊದಲೇ ಕೈ ಹಿಡಿದು ಕರೆತಂದು ಕೂರಿಸಿದ್ದರು. ಸಂತೆಗೆ ಸಂತೆಯೇ ನೆರೆಯಿತು. ಸಾವುಕಾರರು ಬರದೆ ಇರುತ್ತಾರೆಯೇ? ಬಂದರು, ಮತ್ತೆ ಪೇಪರಿನ ಚಿತ್ರದ ಮಾತೇ ಎತ್ತಿದರು.

ಸಾಬೀರಾ ಕಿತ್ತು ಹಾಕಿದ್ದ ಹಳೆಯ ಬಾಗಿಲನ್ನು ಸೆರಗಿನಿಂದ ತೆಗೆದು ಅವರ ಕೈಗಿಟ್ಟರು. “ಸಾವುಕಾರ್ರ, ತಗಡಂತೂ ನಿಮ್ಮ ಅಂಗಡೀದ ಐತಿ. ಇದನ್ನ ಹೊಟ್ಟಿಗಿ ಹಿಡದು ಕೆಳಗ ತೆರದು ತೋರಸ್ರಿ.”

ಸಾವುಕಾರರು ಧೋತರ ಎತ್ತಿಕೊಂಡು ಕೂತರು. ಬಾಗಿಲನ್ನು ಹೊಟ್ಟೆಯ ಅಂಚಿಗೆ ಹಿಡಿದು ತೆರೆದರು. ನೆಲಕ್ಕೆ ಬಡಿಯಿತು. ಇನ್ನೊಮ್ಮೆ ಜೋರು ಹಾಕಿದರು, ವಿಮಾನ ಒಂದೇ ಗಾಲಿಯ ಮೇಲೆ ವಾಲಿತು. “ನೆಲಾ ತೋಡಾಕ ಸನಿಕಿ ತರಲೇನ್ರಿ?” ಎಂದಿತು ಗುಂಪಿನೊಳಗಿನ ಒಂದು ದನಿ. ಹದಿನೆಂಟು ವರ್ಷದ ಕೆಳಗೆ ನಕ್ಕಿದ್ದ ಅದೇ ಚಾದಂಗಡಿ ಮತ್ತೆ ನಕ್ಕಿತು, ಈ ಸಲ ಸಾವುಕಾರರ ಕಡೆ ನೋಡಿ.

ಆಮೇಲೆ ಸೋಮನಿಂಗಜ್ಜ ಮುಂದೆ ಬಂದ. ಮೂಗಿನ ಗಾಜು ಮುಟ್ಟಿದ. ಎಂಜಿನ್ನು ಒಂದೊಂದನ್ನೇ ಸವರಿದ. ಬಾಲದ ತನಕ ಹೋಗಿ ತಿರುಗಿ ಬಂದು ಹೊಟ್ಟೆಯ ಮೇಲೆ ಅಂಗೈ ಇಟ್ಟ. ಸಾಬೀರಾ ಅವನ ಇನ್ನೊಂದು ಕೈಯನ್ನು ಬಾಗಿಲು ತಿರುಗಿಸುವ ಕಿವಿಯ ಮೇಲಿಟ್ಟರು. ಅವನು ತಿರುಗಿಸಿದ. ಅಂಗೈಯ ಅಡಿಯಲ್ಲಿ ಬಾಗಿಲು ಮೇಲೇರಿತು. ಅಜ್ಜ ಭುಜದ ಮೇಲೆ ಭಾರ ಇದ್ದವನ ಹಾಗೆ ನಡು ಬಗ್ಗಿಸಿ ಹೇಳಿದ: “ಇಲ್ಲೇ ಬಗ್ಗತಿದ್ದೆ. ತೆಲಿ ಎತ್ತಿದ್ರ ತಗಡ ಬಡೀತಿತ್ತು.”

ಯಾರೂ ನಗಲಿಲ್ಲ. ಚಾದಂಗಡಿಯ ಅಮಸಿದ್ದ ಕೇಳುವ ಮೊದಲೇ ಚಹಾ ತಂದು ಅಜ್ಜನ ಕೈಗಿಟ್ಟು, ಮುಂದಿನ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ. ‘ಸೋಮನಿಂಗಣ್ಣ’ ಎಂದು ಕರೆದ. ಗೆದ್ದದ್ದು ಅಜ್ಜ. ಗೆಲ್ಲಿಸಿದವರು ಅಷ್ಟರಲ್ಲಿ ಮನೆಗೆ ಹೊರಟಿದ್ದರು. ಸಂಜೆಯ ಬಸ್ಸಿಗೆ ಸಿಂದಗಿಗೆ ಹೋಗಬೇಕಾದ ಚಿಮಣಿ ಬಾಕಿ ಇದ್ದವು.

ಅಂಗಡಿಯಲ್ಲಿ ತೂಗುಹಾಕಲು ಆ ವಿಮಾನ ಬೇಕೆಂದು ಸಾವುಕಾರರು ಎರಡು ಸಲ ಆಳು ಕಳಿಸಿದ್ದಾರೆ. ಸಾಬೀರಾ ಕೊಟ್ಟಿಲ್ಲ. ಇಬ್ರಾಹಿಂಸಾಬ ಈಗ ಸಂತೆಯಲ್ಲಿ ಚಿಮಣಿ ಎತ್ತಿ ಹಿಡಿದು, ಬಾಂಬು ವಿಮಾನ ಮಾಡಿದಾಕೆಯ ಕೈಯಿಂದಲೇ ಇದೂ ಬಂದದ್ದು ಎಂದು ಕೂಗಿ ಮಾರುತ್ತಾನೆ. ಈಗ ಜನ ತಮಾಷೆ ಎಂದುಕೊಳ್ಳುವುದಿಲ್ಲ.

ಬಿಸಿಲು ಕಟ್ಟೆಗೆ ಬಂದಿದೆ. ಅಜ್ಜ ಬರುವ ಹೊತ್ತಾಯಿತೇ ಎಂದು ಕೇಳಿದರೆ ಸಾಬೀರಾ ಕಬ್ಬಿಣವನ್ನು ಮತ್ತೆ ಇದ್ದಿಲಿಗೆ ಇಡುತ್ತಾರೆ.

“ಎಲ್ಲಿ ಬರತಾನರಿ? ಮುಂಜಾನೆ ಹೋದ್ರ ಊಟದ ತನಕ ಚಾದಂಗಡ್ಯಾಗ ಮಾತು. ಇಲ್ಲಿ ಕುಂದ್ರಾಕ ಅವಗ ಪುರಸೊತ್ತ ಇಲ್ಲ,” ಎನ್ನುತ್ತಾರೆ. “ಇರಬಾರದು. ಅದಕ್ಕಂತನ ಇಮಾನ ಮಾಡೇನಿ.”