ನನ್ನ ಎಡಗೈ ಈಳಿಗೆಮಣೆ

ಹೋದ ವಾರ ಚೆನ್ನೈನ ಅಣ್ಣಾ ನಗರದಲ್ಲಿ ಮಗಳ ಮನೆಗೆ ಬಡಗಿ ಬಂದಿದ್ದ. ಗೋಡೆಯ ಗೂಡಿಗೊಂದು ಹಲಗೆ ಕೂರಿಸಬೇಕಿತ್ತು, ಅಷ್ಟೆ. ಅವನು ಹಲಸಿನ ಪಟ್ಟಿಯೊಂದನ್ನು ಹತ್ತರಿ ಹೊಡೆದದ್ದೇ ತಡ, ಆ ವಾಸನೆ ಅಡುಗೆಮನೆಯವರೆಗೂ ಬಂತು. ನಾನು ಒಲೆಯ ಮೇಲಿನ ಹಾಲು ಮರೆತು ನಿಂತೆ. ಹಾಲು ಉಕ್ಕಿತು, ಮಗಳಿಂದ ಬೈಸಿಕೊಂಡೆ. ಅಷ್ಟರಲ್ಲಿ ಬಡಗಿ, "ಅಮ್ಮಾ, ಸ್ಕೇಲ್ ಇರುಕ್ಕಾ? ಟೇಪ್ ಮರಂದುಟ್ಟೇನ್" ಎಂದ, ಅಳೆಯುವ ಟೇಪು ಮರೆತು ಬಂದಿದ್ದನಂತೆ. ಟ್ರಂಕಿನ ತಳದಲ್ಲಿದ್ದ ಎರಡಡಿಯ ಹಿತ್ತಾಳೆ ಸ್ಕೇಲನ್ನು ತೆಗೆದು ಕೊಟ್ಟೆ. ಅವನು ಗೂಡನ್ನು ಅಳೆದು, ಹಲಗೆ ಕೊಯ್ಯಿಸಲು ಮರದಂಗಡಿಗೆ ಹೋದ. ಆ ಸ್ಕೇಲು ಎದುರುಮನೆ ತಾತನದು...

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮದುವೆಯಾಗಿ ಮದರಾಸಿಗೆ ಬಂದೆ. ತಿರುವಲ್ಲಿಕೇಣಿಯ ಒಂದು ವಠಾರದಲ್ಲಿ ಅತ್ತೆಯ ಮನೆ. ಅಂಗಳದಾಚೆ ತಾತ ಮತ್ತು ಅಜ್ಜಿ. ಅವರೂ ಕೋಲಾರದ ಕಡೆಯ ಕನ್ನಡದವರೇ, ಆದರೆ ಮದರಾಸಿನ ನೀರು ಕುಡಿದು ಮಾತಿಗೆ ತಮಿಳು ಧಾರಾಳವಾಗಿ ಸೇರಿತ್ತು. ತಾತ ಎರಕದ ಕಾರ್ಖಾನೆಯೊಂದರಲ್ಲಿ ಮರದ ಮಾದರಿ ಕೆತ್ತುತ್ತಿದ್ದವರು. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ, ಮೂಡಿದ ಗುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಿದ್ದರಂತೆ. ನಿವೃತ್ತರಾದ ಮೇಲೂ ಕೈ ಸುಮ್ಮನಿರದೆ ಜಗುಲಿಯನ್ನೇ ಕಾರ್ಖಾನೆ ಮಾಡಿಕೊಂಡಿದ್ದರು.

ನಾನು ಎಡಚಿ. ತವರಿನಲ್ಲಿ ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಅತ್ತೆಯ ಮನೆಯಲ್ಲಿ ಮಾತ್ರ ಅದು ಮಹಾಪರಾಧ. ಅವರ ಈಳಿಗೆಯ ಅಲಗಿಗೆ ಸಾಣೆ ಹಿಡಿದದ್ದು ಒಂದೇ ಮಗ್ಗುಲಿಗೆ, ಬಲಗೈಯವರಿಗೆ ಒಗ್ಗುವ ಹಾಗೆ. ಮಣೆಯೂ ಬಲಗಾಲಿನಲ್ಲಿ ಮೆಟ್ಟುವಂಥದು. ಅದರ ಮೇಲೆ ಕೂತು ತಿಂಗಳೊಳಗೆ ಮೂರು ಬೆರಳು ಕೊಯ್ದುಕೊಂಡೆ. ಕೊನೆಗೊಂದು ದಿನ ಅತ್ತೆ, "ರಾಮನವಮಿ ಕೋಸಂಬರಿಗೆ ಸೌತೆಕಾಯಿ ನೀನೇ ಹೆಚ್ಚು, ನೋಡೋಣ. ಸಣ್ಣಗೆ ಬರಲಿಲ್ವೋ, ಅಡುಗೆಮನೆ ಆಸೆ ಬಿಟ್ಬಿಡು" ಎಂದರು. ಅಡುಗೆಯೆಂದರೆ ನನಗೆ ಪ್ರಾಣ. ಆ ಮಾತು ಕೇಳಿ ಬಾವಿಕಟ್ಟೆಯ ಹತ್ತಿರ ಹೋಗಿ ಕಣ್ಣೀರು ಹಾಕಿದೆ.

ಬಟ್ಟೆ ಸುತ್ತಿದ ಬೆರಳನ್ನು ತಾತ ನೋಡಿದರು. "ಕೈಯಲ್ಲಿ ತಪ್ಪಿಲ್ಲಮ್ಮಾ, ಮಣೆಯಲ್ಲಿದೆ. ಬೇರೆ ಮಾಡಿದ್ರಾಯ್ತು, ಕವಲೆ ಪಡಬೇಡ, ಯೋಚನೆ ಬಿಡು" ಎಂದರು.

ನಾಳೆಯೇ ಮಣೆ ಕೈಗೆ ಬರುತ್ತದೆಂದುಕೊಂಡೆ. ಎಲ್ಲಿ ಬಂತು! ಎರಡು ದಿನ ಅವರು ಉಳಿ ಮುಟ್ಟಲೇ ಇಲ್ಲ. ಅಜ್ಜಿಯ ಬದನೆಕಾಯಿಗಳನ್ನೆಲ್ಲ ನನ್ನಿಂದ ಹೆಚ್ಚಿಸಿ, ಮೊಣಕಾಲು ಎಲ್ಲಿ ಬರುತ್ತದೆ, ಮೊಣಕೈ ಎತ್ತ ಹೋಗುತ್ತದೆ ಎಂದು ನೋಡುತ್ತಾ ಕೂತರು. ಮೂರನೆಯ ದಿನ ಹಳೆಯ ಪೇಪರಿನ ಮೇಲೆ ನನ್ನ ಎಡಪಾದ ಇರಿಸಿ ಸುತ್ತ ಗೀಟು ಎಳೆದರು. ಆಮೇಲೆ ರಟ್ಟಿನದೊಂದು ಮಣೆ, ಆಮೇಲೆ ನುಗ್ಗೆಮರದ್ದೊಂದು. ನುಗ್ಗೆ ಯಾವ ಕೆಲಸಕ್ಕೂ ಬಾರದ ಮರವಲ್ಲವೇ ಎಂದರೆ, "ಅದಕ್ಕೇ. ತಪ್ಪು ಮಾಡೋಕೆ ಮೆತ್ತನೆ ಮರಾನೇ ಬೇಕು" ಎಂದು ನಕ್ಕರು. ನಿಜವಾದ ಮಣೆಗೆ ತೇಗ ಬೇಡ, ಒದ್ದೆಯಾದರೆ ಕಾಲು ಜಾರುತ್ತದೆ. ಮಾವು ಬೇಡ, ಹುಳು ಹಿಡಿಯುತ್ತದೆ ಎಂದು ಹಲಸನ್ನು ಆರಿಸಿದರು. ಅಲಗಿಗೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ. ಬುಡ ಮೂರಂಗುಲ ಇರಲಿ, ಸಾಣೆ ಇನ್ನೊಂದು ಮಗ್ಗುಲಿಗೆ ಬರಲಿ ಎಂದು ಕಮ್ಮಾರನಿಗೆ ಚೀಟಿ ಬರೆದುಕೊಟ್ಟರು. ಅಲಗು ಬರುವಷ್ಟರಲ್ಲಿ ತಮ್ಮ ಹಿತ್ತಾಳೆ ಸ್ಕೇಲಿನಿಂದ ಅಳೆದು ಮಣೆಯಲ್ಲಿ ಮೂರಂಗುಲದ ತೂತು ಕೊರೆದಿಟ್ಟರು.

ರಾಮನವಮಿಯ ಹಿಂದಿನ ದಿನ ಅಲಗು ಬಂತು. ಕೂರಿಸಿದರೆ ಗಡಗಡ ಅಲ್ಲಾಡುತ್ತಿದೆ! ತಾತನ ಮುಖ ಬಾಡಿತು. ಕಮ್ಮಾರನಿಗೆ ಬೈದರು, ಕಣ್ಣಿಗೆ ಬೈದರು, ವಯಸ್ಸಿಗೆ ಬೈದರು. ನಾನು ಒಳಗೆ ಓಡಿ ಹೊಲಿಗೆಯ ಟೇಪು ತಂದು ಅಲಗು ಅಳೆದೆ, ಸರಿಯಾಗಿ ಮೂರಂಗುಲ. ತೂತು ಅಳೆದೆ, ಕೂದಲೆಳೆಯಷ್ಟು ಹೆಚ್ಚು. ಹಿರಿಯರಿಗೆ ಹೇಗೆ ಹೇಳುವುದು? ಅಂಜುತ್ತಲೇ ಟೇಪನ್ನು ಅವರ ಸ್ಕೇಲಿನ ಪಕ್ಕ ಇಟ್ಟೆ. ಸ್ಕೇಲಿನ ಒಂದಡಿ ನನ್ನ ಟೇಪಿನ ಒಂದಡಿಗಿಂತ ಎಳ್ಳುಕಾಳಿನಷ್ಟು ಉದ್ದವಿತ್ತು.

ತಾತ ಕಣ್ಣರಳಿಸಿ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಗತೊಡಗಿದರು. "ಅಡ ರಾಮಾ! ಇದು ಕಾರ್ಖಾನೆ ಸ್ಕೇಲಮ್ಮಾ. ಕಾದ ಕಬ್ಬಿಣ ಆರಿದ್ಮೇಲೆ ಕುಗ್ಗುತ್ತೆ, ಅದಕ್ಕೇ ಮಾದರೀನ ಕೊಂಜ, ಒಂದು ಚೂರು, ದೊಡ್ಡದು ಮಾಡ್ಬೇಕು. ಇದ್ರಲ್ಲಿ ಅಡೀನೇ ಹಾಗೆ ಉದ್ದ. ಮನೆಗೆ ತಂದಮೇಲೆ ಮರೆತೇಬಿಟ್ಟಿದ್ದೀನಿ!"

ಒಳಗಿನಿಂದ ಅಜ್ಜಿಯ ಕೂಗು ಬಂತು: "ಅದಕ್ಕೇನಾ ನೀವು ಮಾಡಿದ ಕಿಟಕಿ ಬಾಗಿಲು ಅಂಗಡೀಲಿ ಅಳತೆ ಹೇಳಿ ತಂದ ಚೌಕಟ್ಟಿಗೆ ಇಷ್ಟು ವರ್ಷದಿಂದ ಸೇರ್ತಾ ಇಲ್ಲ?" ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಾತ ಒಂದು ಚೂರು ಹುಣಸೆಮರದಿಂದ ಬೆಣೆ ಕೆತ್ತಿ ಹೊಡೆದರು. ಅಲಗು ಬಂಡೆಯ ಹಾಗೆ ನಿಂತಿತು.

ಮರುದಿನ ಅತ್ತೆಗೆ ಅನುಮಾನ. "ಎಲ್ಲಿ, ನಾನು ಮೊದಲು ನೋಡ್ತೀನಿ" ಎಂದು ತಾವೇ ಆ ಮಣೆಯ ಮೇಲೆ ಕೂತರು. ನಲವತ್ತು ವರ್ಷ ಹೆಚ್ಚಿದ ಕೈ ಅದು. ಸೌತೆಕಾಯಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬಂತು. ಎರಡನೇ ಸಲ ಬೆರಳು ಸ್ವಲ್ಪದರಲ್ಲಿ ತಪ್ಪಿತು. ಅತ್ತೆ ಅಲಗನ್ನು ನೋಡಿದರು, ನನ್ನ ಬೆರಳಿನ ಬಟ್ಟೆಯನ್ನು ನೋಡಿದರು. "ಇಷ್ಟು ದಿನ ನಿಂಗೆ ಹೀಗೇ ಆಗ್ತಿತ್ತೇನೇ?" ಎಂದು ಮೆಲ್ಲಗೆ ಕೇಳಿ ಎದ್ದು ಜಾಗ ಬಿಟ್ಟರು. ಆ ದಿನ ವಠಾರಕ್ಕೆಲ್ಲ ಹಂಚಿದ ಕೋಸಂಬರಿಯ ಸೌತೆಕಾಯಿ ನನ್ನ ಎಡಗೈಯದು. ತಾತ ಮೂರು ಸಲ ಹಾಕಿಸಿಕೊಂಡರು. ಅಂಥ ಸಂತೋಷವನ್ನು ನಾನು ಆಮೇಲೆ ಎಷ್ಟೋ ಹಬ್ಬಗಳಲ್ಲಿ ಹುಡುಕಿದ್ದೇನೆ...

ಕೆಲವು ವರ್ಷಗಳ ಮೇಲೆ ತಾತ ಹೋದಾಗ ನಾನು ಬಾಣಂತನಕ್ಕೆ ತವರಿನಲ್ಲಿದ್ದೆ. ಮುಖ ನೋಡಲಾಗಲಿಲ್ಲ. ತಿರುಗಿ ಬಂದಾಗ ಅಜ್ಜಿ, "ನಿಂಗೇ ಕೊಡು ಅಂದ್ರು" ಎಂದು ಸ್ಕೇಲನ್ನು ಕೈಗಿತ್ತರು.

ಬಡಗಿ ಹಲಗೆ ತಂದು ಗೂಡಿಗೆ ಇಟ್ಟ. ಗಡಗಡ ಅಲ್ಲಾಡಿತು. ಅವನು ಅಂಗಡಿಯವನಿಗೆ ಬೈದ, ಗೋಡೆಗೆ ಬೈದ. ಗೂಡು ಅಳೆದದ್ದು ತಾತನ ಸ್ಕೇಲಿನಿಂದ, ಕೊಡುವಾಗ ನನಗೂ ಮರೆತೇಹೋಗಿತ್ತು! ನನಗೆ ನಗು ತಡೆಯಲಾಗಲಿಲ್ಲ. "ಒಂದು ಬೆಣೆ ಹೊಡಿಯಪ್ಪಾ, ನಿಲ್ಲುತ್ತೆ" ಎಂದೆ. ಏನಮ್ಮಾ ನಗ್ತೀಯ ಎಂದು ಮಗಳು ಕೇಳಿದಳು. ಹೇಳಿದೆ, ಅವಳೂ ನಕ್ಕಳು. ಆದರೆ ಆ ಅಂಗಳದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.